ಎಣಿಸಿ ನೋಡುವ ವಿದ್ಯೆ: ವೈದ್ಯವಿದ್ಯಾರ್ಥಿಗಳ ಸಂಶೋಧನಾ ಶಿಕ್ಷಣ ಮತ್ತು ನಮ್ಮ ಸೀಮೆಯ ಇತಿಹಾಸ

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ವೈದ್ಯಕೀಯ ಶಿಕ್ಷಣದ ಮಾತು ಏಕೆಂದು ಕೆಲವರಿಗೆ ಅನ್ನಿಸಬಹುದು. ನಾನು ವೈದ್ಯನೂ ಅಲ್ಲ. ಇತಿಹಾಸವನ್ನೂ ಕನ್ನಡವನ್ನೂ ಕಲಿಸಿ ನಿವೃತ್ತನಾದ ಮಾಸ್ತರ. ಆದರೆ ಇಚಲಕರಂಜಿ, ಗಡಹಿಂಗ್ಲಜ, ಕೊಲ್ಹಾಪುರಗಳ ಕನ್ನಡ ಮನೆತನಗಳ ಮಕ್ಕಳು ಇಂದು ಬೆಳಗಾವಿ, ಹುಬ್ಬಳ್ಳಿ, ಮಿರಜ, ಕೊಲ್ಹಾಪುರಗಳ ವೈದ್ಯಕೀಯ ಕಾಲೇಜುಗಳಲ್ಲಿ ಓದುತ್ತಿದ್ದಾರೆ. ಅಥಣಿ, ಚಿಕ್ಕೋಡಿ, ಜಮಖಂಡಿಗಳ ಕಡೆಯ ಜನ ಕಠಿಣ ಕಾಯಿಲೆಯೆಂದರೆ ಮಿರಜಿಗೆ ಹೋಗುವ ರೂಢಿ ವಿಲಿಯಂ ವಾನ್ಲೆಸ್ ಅವರು 1894ರಲ್ಲಿ ಅಲ್ಲಿ ಆಸ್ಪತ್ರೆ ಕಟ್ಟಿದಂದಿನಿಂದ ಬಂದುದು. ಹತ್ತೊಂಬತ್ತನೆಯ ಶತಮಾನ ಮುಗಿಯುವ ಮೊದಲೇ ಅವರು ಅಲ್ಲಿ ವೈದ್ಯಶಾಲೆಯನ್ನೂ ತೆರೆದಿದ್ದರು. ಹೀಗಾಗಿ ವೈದ್ಯರನ್ನು ಹೇಗೆ ತಯಾರಿಸುತ್ತೇವೆ ಎಂಬ ಪ್ರಶ್ನೆ ನಮಗೆ ಪರಕೀಯವಾದುದಲ್ಲ.

ರೋಗಕ್ಕೆ ಯಾವ ಔಷಧ ಕೊಡಬೇಕೆಂಬುದನ್ನು ವಿದ್ಯಾರ್ಥಿ ಗ್ರಂಥದಿಂದಲೂ ಗುರುವಿನಿಂದಲೂ ಕಲಿಯುತ್ತಾನೆ. ಆ ಔಷಧದಿಂದಲೇ ಗುಣವಾಯಿತೆಂದು ಹೇಗೆ ಗೊತ್ತಾಯಿತು ಎಂದು ಕೇಳುವುದನ್ನು ಎಲ್ಲಿಂದ ಕಲಿಯುತ್ತಾನೆ? ಇತಿಹಾಸದ ವಿದ್ಯಾರ್ಥಿಗೆ ನಾವು ಮೊದಲ ದಿನವೇ ಕೇಳುವ ಪ್ರಶ್ನೆ ‘ಇದಕ್ಕೆ ಆಧಾರವೇನು?’ ಎಂಬುದು. ವೈದ್ಯನ ವಿಷಯದಲ್ಲಿ ಈ ಪ್ರಶ್ನೆ ಇನ್ನಷ್ಟು ಗಂಭೀರ. ಅಶೋಕನ ಶಾಸನದ ಕಾಲವನ್ನು ನಾನು ತಪ್ಪಾಗಿ ಹೇಳಿದರೆ ಯಾರ ಪ್ರಾಣವೂ ಹೋಗುವುದಿಲ್ಲ.

2012ರ ಬೇಸಿಗೆಯಲ್ಲಿ ನಮ್ಮ ಊರಿನಲ್ಲಿ ಕಾಮಾಲೆ ಹಬ್ಬಿದುದನ್ನು ಇಲ್ಲಿಯ ಹಿರಿಯರು ಮರೆತಿರಲಾರರು. ಸಾವುಗಳೂ ಆದವು, ಪಂಚಗಂಗೆಯ ಮಾಲಿನ್ಯದ ವಿಷಯ ನ್ಯಾಯಾಲಯದವರೆಗೂ ಹೋಯಿತು. ಆಗ ಪ್ರತಿ ಓಣಿಯ ಕಟ್ಟೆಯ ಮೇಲೂ ಒಂದೊಂದು ಸಿದ್ಧಾಂತ. ನದಿಯ ನೀರೆಂದು ಒಬ್ಬರು, ಒಡೆದ ಕೊಳವೆಯೆಂದು ಇನ್ನೊಬ್ಬರು, ಗಾಡಿಯ ಮೇಲಿನ ಐಸ್ ಎಂದು ಮತ್ತೊಬ್ಬರು. ಎಲ್ಲವೂ ಸಂಭವನೀಯವೇ. ಇವುಗಳಲ್ಲಿ ಯಾವುದು ನಿಜವೆಂದು ಕಂಡುಹಿಡಿಯಲು ಇರುವ ದಾರಿ ಹಳೆಯದು: ಕಾಯಿಲೆ ಬಿದ್ದ ಮನೆಗೂ ಹೋಗಬೇಕು, ಬೀಳದ ಮನೆಗೂ ಹೋಗಬೇಕು, ಎರಡೂ ಕಡೆಗೆ ಅದೇ ಪ್ರಶ್ನೆ ಕೇಳಬೇಕು. ಬೀಳದ ಮನೆಗೆ ಹೋಗುವ ಬುದ್ಧಿ ಸಾಮಾನ್ಯವಾಗಿ ಯಾರಿಗೂ ಹೊಳೆಯುವುದಿಲ್ಲ. ಅದನ್ನು ಕಲಿಸಬೇಕಾಗುತ್ತದೆ.

ಲಂಡನ್ನಿನ ಜಾನ್ ಸ್ನೋ 1854ರ ಕಾಲರಾ ಕಾಲದಲ್ಲಿ ಮಾಡಿದ್ದು ಇದನ್ನೇ. ನಗರದ ದಕ್ಷಿಣ ಭಾಗದಲ್ಲಿ ಎರಡು ಕಂಪನಿಗಳು ಒಂದೇ ಬೀದಿಗಳಲ್ಲಿ ನೀರು ಪೂರೈಸುತ್ತಿದ್ದವು. ಒಂದು ಕಂಪನಿ ಊರ ಕೊಳಚೆ ಸೇರಿದ ಜಾಗದಲ್ಲೇ ಥೇಮ್ಸ್ ನದಿಯ ನೀರನ್ನೆತ್ತುತ್ತಿತ್ತು. ಇನ್ನೊಂದು ಅದಕ್ಕೆ ಸ್ವಲ್ಪ ಮೊದಲು ತನ್ನ ಕೆಲಸವನ್ನು ನದಿಯ ಮೇಲ್ಭಾಗಕ್ಕೆ ಸಾಗಿಸಿತ್ತು. ಸಾವು ಸಂಭವಿಸಿದ ಮನೆ ಮನೆಗೂ ಹೋಗಿ ಯಾವ ಕಂಪನಿಯ ನೀರೆಂದು ವಿಚಾರಿಸಿ ಸ್ನೋ ಲೆಕ್ಕ ಹಾಕಿದಾಗ, ಮೊದಲನೆಯ ಕಂಪನಿಯ 10,000 ಮನೆಗಳಿಗೆ 315 ಸಾವು, ಎರಡನೆಯದರ 10,000 ಮನೆಗಳಿಗೆ 37 ಸಾವು ಎಂದು ತೋರಿಬಂತು. ಕಾಲರಾದ ಸೂಕ್ಷ್ಮಜೀವಿ ವೈದ್ಯಲೋಕಕ್ಕೆ ಮನವರಿಕೆಯಾಗಲು ಇನ್ನೂ ಮೂರು ದಶಕ ಬೇಕಾಗಿತ್ತು. ಅಷ್ಟರೊಳಗೇ ನೀರಿನ ತಪ್ಪು ಸಿಕ್ಕಿಬಿದ್ದಿತ್ತು.

ಈ ಕಥೆ ಎಲ್ಲ ವೈದ್ಯಕೀಯ ಪಠ್ಯಗಳಲ್ಲಿಯೂ ಇದೆ. ನಮ್ಮ ವಿದ್ಯಾರ್ಥಿಗಳು ಲಂಡನ್ನಿನ ಬೀದಿಯ ಹೆಸರನ್ನು ಕಂಠಪಾಠ ಮಾಡಿ ಅಂಕ ಗಳಿಸುತ್ತಾರೆ. ಅದೇ ಪಾಠ ಹುಬ್ಬಳ್ಳಿಯಲ್ಲಿ ನಡೆದುದು ಅವರಲ್ಲಿ ಹೆಚ್ಚಿನವರಿಗೆ ತಿಳಿಯದು.

1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ರೈಲು ಹಳಿಗಳನ್ನು ಹಿಡಿದು ದಕ್ಷಿಣಕ್ಕೆ ಸಾಗಿತು. ಸದರ್ನ್ ಮರಾಠಾ ರೈಲ್ವೆಯ ಕಾರ್ಖಾನೆಯಿದ್ದ, ನೂಲಿನ ಗಿರಣಿಯಿದ್ದ, ಅರಳೆಯ ಪೇಟೆಯಾಗಿದ್ದ ಹುಬ್ಬಳ್ಳಿ ಅದಕ್ಕೆ ಸುಲಭವಾಗಿ ತುತ್ತಾಯಿತು. ಜನ ಮನೆ ಬಿಟ್ಟು ಊರ ಹೊರಗೆ ಗುಡಿಸಲು ಹಾಕಿಕೊಂಡರು. ನಮ್ಮ ಅಜ್ಜಂದಿರ ಕಾಲದ ಮಾತಿನಲ್ಲಿ ‘ಪ್ಲೇಗಿನ ವರ್ಷ’ ಎಂದರೆ ಕಾಲಗಣನೆಯ ಒಂದು ಗುರುತಾಗಿಯೇ ಉಳಿದಿತ್ತು. ಹುಟ್ಟಿದ ತಾರೀಖು ಗೊತ್ತಿಲ್ಲದವರು ಪ್ಲೇಗಿನ ಹಿಂದೆ, ಪ್ಲೇಗಿನ ಮುಂದೆ ಎಂದು ವಯಸ್ಸು ಹೇಳುತ್ತಿದ್ದರು.

ಒಡೆಸ್ಸಾದಲ್ಲಿ ಹುಟ್ಟಿ, ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಪಳಗಿದ ವಾಲ್ಡೆಮಾರ್ ಹಾಫ್‌ಕಿನ್ ಮುಂಬಯಿಯಲ್ಲಿ ಪ್ಲೇಗಿನ ಲಸಿಕೆಯನ್ನು ಸಿದ್ಧಪಡಿಸಿ, 1897ರ ಜನವರಿ 10ರಂದು ಮೊದಲು ತನಗೇ ಚುಚ್ಚಿಸಿಕೊಂಡನು. ಇದು ಧೈರ್ಯದ ಕೆಲಸ ಹೌದು. ಆದರೆ ಒಬ್ಬನ ಧೈರ್ಯ ಪುರಾವೆಯಾಗುವುದಿಲ್ಲ. ಲಸಿಕೆಯಿಂದ ಪ್ರಾಣ ಹೋಗಲಿಲ್ಲವೆಂದಷ್ಟೇ ಅದು ತೋರಿಸಿತು. ಪ್ಲೇಗು ಬರುವುದಿಲ್ಲವೆಂದು ತೋರಿಸಲು ಪ್ಲೇಗಿರುವ ಜಾಗದಲ್ಲಿ, ಚುಚ್ಚಿಸಿಕೊಂಡವರನ್ನೂ ಚುಚ್ಚಿಸಿಕೊಳ್ಳದವರನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಬೇಕಿತ್ತು.

ಹುಬ್ಬಳ್ಳಿಯಲ್ಲಿ ಆ ಕೆಲಸವನ್ನು ಕೈಗೆತ್ತಿಕೊಂಡವನು ಸರ್ಜನ್ ಕ್ಯಾಪ್ಟನ್ ಲ್ಯೂಮನ್. 1898ರ ಮೇ ತಿಂಗಳಿಂದ ಸಪ್ಟೆಂಬರ್‌ವರೆಗೆ ಸುಮಾರು 38 ಸಾವಿರ ಜನರಿಗೆ ಚುಚ್ಚುಮದ್ದು ಹಾಕಲಾಯಿತು. ಊರಿನ ಒಟ್ಟು ಜನಸಂಖ್ಯೆಯೇ 50 ಸಾವಿರದ ಸುಮಾರಿನದು. ಧಾರವಾಡದ ಕಡೆ ಆಲಿಸ್ ಕಾರ್ಥಾರ್ನ್ ಎಂಬ ವೈದ್ಯೆ ಇದೇ ಕೆಲಸದಲ್ಲಿ ತೊಡಗಿದ್ದಳು. ಸೂಜಿಯನ್ನು ಕಂಡರೆ ಜನ ಓಡುತ್ತಿದ್ದ ಕಾಲದಲ್ಲಿ ಒಂದು ಊರಿನ ಬಹುಪಾಲು ಜನ ಮುಂದೆ ಬಂದು ತೋಳು ಚಾಚಿದುದು ಸಣ್ಣ ಸಂಗತಿಯಲ್ಲ. ಸತ್ತವರಲ್ಲಿ ಚುಚ್ಚಿಸಿಕೊಳ್ಳದವರ ಪ್ರಮಾಣವೇ ಬಹಳ ಹೆಚ್ಚೆಂದು ಲೆಕ್ಕಗಳು ತೋರಿಸಿದವು. ಹಾಫ್‌ಕಿನ್ ಈ ಲೆಕ್ಕಗಳನ್ನು ತನ್ನ ಲಸಿಕೆಯ ದೊಡ್ಡ ಸಾಕ್ಷ್ಯವೆಂದು ಮಂಡಿಸಿದನು.

ಇಲ್ಲಿಂದ ಮುಂದಿನದು ನನ್ನ ದೃಷ್ಟಿಯಲ್ಲಿ ಹೆಚ್ಚು ಬೆಲೆಯುಳ್ಳ ಭಾಗ. ಸರಕಾರ ನೇಮಿಸಿದ ಭಾರತೀಯ ಪ್ಲೇಗು ಆಯೋಗವು 1898-99ರಲ್ಲಿ ಪ್ರೊಫೆಸರ್ ಫ್ರೇಜರ್ ಅವರ ಅಧ್ಯಕ್ಷತೆಯಲ್ಲಿ ದೇಶವನ್ನು ಸುತ್ತಿ ಸಾಕ್ಷ್ಯಗಳನ್ನು ಕೇಳಿತು. ಲಸಿಕೆಯಿಂದ ರೋಗವೂ ಸಾವೂ ಕಡಿಮೆಯಾಗುತ್ತವೆಂದು ಅದು ಒಪ್ಪಿತು. ಆದರೆ ಅಂಕಿಗಳ ನಿಖರತೆಯನ್ನು ಸುಮ್ಮನೆ ಒಪ್ಪಲಿಲ್ಲ. ಚುಚ್ಚಿಸಿಕೊಳ್ಳದವರು ನಿಜವಾಗಿ ಎಷ್ಟು ಜನರಿದ್ದರು ಎಂಬುದೇ ಅದರ ಪ್ರಶ್ನೆ.

ಇದನ್ನು ಪ್ರಾಥಮಿಕ ಶಾಲೆಯ ಭಿನ್ನರಾಶಿಯ ಲೆಕ್ಕದಿಂದಲೇ ತಿಳಿಯಬಹುದು. ಸತ್ತವರ ಸಂಖ್ಯೆ ಅಂಶ; ಇದ್ದವರ ಸಂಖ್ಯೆ ಛೇದ. ಸತ್ತವರನ್ನು ಎಣಿಸುವುದು ಸುಲಭ, ಸ್ಮಶಾನದಲ್ಲಿ ದಾಖಲೆಯಿರುತ್ತದೆ. ಚುಚ್ಚಿಸಿಕೊಂಡವರನ್ನು ಎಣಿಸುವುದೂ ಸುಲಭ, ವೈದ್ಯನ ವಹಿಯಲ್ಲಿ ಹೆಸರಿರುತ್ತದೆ. ಚುಚ್ಚಿಸಿಕೊಳ್ಳದವರ ವಹಿ ಯಾರ ಬಳಿಯೂ ಇರುವುದಿಲ್ಲ. ಊರಿನ ಒಟ್ಟು ಸಂಖ್ಯೆಯಿಂದ ಚುಚ್ಚಿಸಿಕೊಂಡವರನ್ನು ಕಳೆದು ಅದನ್ನು ಪಡೆಯಬೇಕು. ಆದರೆ ಪ್ಲೇಗಿನ ಊರಿನಲ್ಲಿ ಒಟ್ಟು ಸಂಖ್ಯೆ ದಿನದಿನಕ್ಕೂ ಬದಲಾಗುತ್ತದೆ. 50 ಸಾವಿರದಲ್ಲಿ 38 ಸಾವಿರ ಕಳೆದರೆ 12 ಸಾವಿರ. ಅದರಲ್ಲಿ 5 ಸಾವಿರ ಜನ ಊರು ಬಿಟ್ಟು ನೆಂಟರ ಮನೆಗೆ ಹೋಗಿದ್ದರೆ ಉಳಿಯುವುದು ಬರಿಯ 7 ಸಾವಿರ. ಸಾವಿನ ಪ್ರಮಾಣ ಹೆಚ್ಚುಕಡಿಮೆ ಎರಡು ಪಟ್ಟಾಗಿಬಿಡುತ್ತದೆ. ಇನ್ನೊಂದು ಕಡೆಯಿಂದ, ಸುತ್ತಲಿನ ಹಳ್ಳಿಯವರು ಬಂದು ಚುಚ್ಚಿಸಿಕೊಂಡು ತಮ್ಮ ಊರಿಗೆ ಮರಳಿದ್ದರೆ, ಅವರು ವಹಿಯಲ್ಲಿ ಇರುತ್ತಾರೆ, ಅವರ ಸಾವು ಮಾತ್ರ ಹುಬ್ಬಳ್ಳಿಯ ಲೆಕ್ಕಕ್ಕೆ ಬರುವುದಿಲ್ಲ. ಆಗ ಲಸಿಕೆ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ನಾನು ಇಲ್ಲಿ ಕೊಟ್ಟ 5 ಸಾವಿರ ಕೇವಲ ಉದಾಹರಣೆಯ ಅಂಕಿ. ಛೇದ ಅಲುಗಾಡಿದರೆ ಸತ್ಯವೂ ಅಲುಗಾಡುತ್ತದೆ ಎಂಬುದನ್ನು ಮಾತ್ರ ಓದುಗರು ಗಮನಿಸಬೇಕು.

ಅದೇ 1898ರ ಆರಂಭದಲ್ಲಿ ಬಡೋದೆ ಸಂಸ್ಥಾನದ ಉಂಧೇರಾ ಎಂಬ ಸಣ್ಣ ಹಳ್ಳಿಯಲ್ಲಿ ಹಾಫ್‌ಕಿನ್ ಈ ದೋಷವನ್ನು ಮೊದಲೇ ಊಹಿಸಿ ಬೇರೆ ರೀತಿ ಮಾಡಿದ್ದನು. ಅಲ್ಲಿ ಮನೆಮನೆಯ ಜನರನ್ನು ಸಾಲಾಗಿ ನಿಲ್ಲಿಸಿ, ಒಂದೊಂದು ಕುಟುಂಬದಲ್ಲಿಯೂ ಸುಮಾರು ಅರ್ಧ ಜನರಿಗೆ ಮಾತ್ರ ಚುಚ್ಚುಮದ್ದು. ಒಂದೇ ಸೂರು, ಒಂದೇ ಅಡಿಗೆ, ಅವವೇ ಇಲಿಗಳು. ಬಳಿಕ ಪ್ಲೇಗು ಹೊಕ್ಕ ಮನೆಗಳನ್ನು ಪರೀಕ್ಷಿಸಿದಾಗ, ಚುಚ್ಚಿಸಿಕೊಳ್ಳದ 64 ಜನರಲ್ಲಿ 27 ಜನರಿಗೆ ರೋಗ ತಗಲಿ 26 ಜನ ಸತ್ತಿದ್ದರು. ಚುಚ್ಚಿಸಿಕೊಂಡ 71 ಜನರಲ್ಲಿ 8 ಜನರಿಗೆ ತಗಲಿ 3 ಜನ ಸತ್ತಿದ್ದರು. ಹುಬ್ಬಳ್ಳಿಯ 38 ಸಾವಿರಕ್ಕಿಂತ ಉಂಧೇರಾದ 135 ಜನರ ಲೆಕ್ಕ ಹೆಚ್ಚು ನಂಬಿಕೆಗೆ ಅರ್ಹವೆನಿಸುವುದು ಏಕೆ? ಈ ಒಂದು ಪ್ರಶ್ನೆಗೆ ತಾನಾಗಿ ಉತ್ತರ ಕಂಡುಕೊಂಡ ವಿದ್ಯಾರ್ಥಿಗೆ ಸಂಶೋಧನಾ ವಿಧಾನದ ಅರ್ಧ ಪಾಠ ಮುಗಿದಂತೆ. ಆ ಅರ್ಧ ಜನರನ್ನು ಮದ್ದಿಲ್ಲದೆ ಬಿಟ್ಟುದು ನ್ಯಾಯವೇ ಎಂದು ಅವನು ಕೇಳಿದರೆ ಇನ್ನರ್ಧ ಪಾಠವೂ ಆರಂಭವಾಯಿತೆನ್ನಬೇಕು.

ಟಿಳಕವಾಡಿಯ ವ್ಯಾಕ್ಸಿನ್ ಡಿಪೋ ಮೈದಾನವನ್ನು ನಮ್ಮಲ್ಲಿ ಅನೇಕರು ಸಭೆ ಸಮಾರಂಭಗಳಿಗಾಗಿ ಬಲ್ಲರು. ಅದು ಸಿಡುಬಿನ ಲಸಿಕೆ ತಯಾರಾಗುತ್ತಿದ್ದ ಜಾಗವೆಂಬುದು ಹೆಸರಿನಲ್ಲಿಯೇ ಇದ್ದರೂ ಮರೆತುಹೋಗಿದೆ. ನಮ್ಮ ಸೀಮೆಯ ವಿಜ್ಞಾನದ ಇತಿಹಾಸ ಹೀಗೆ ಮೈದಾನಗಳ ಹೆಸರಾಗಿ ಉಳಿದುಕೊಂಡಿದೆ.

ಎರಡನೆಯ ಪ್ರಸಂಗ ಮಲೆನಾಡಿನದು. ಹುಬ್ಬಳ್ಳಿಯಲ್ಲಿ ರೋಗ ಯಾವುದೆಂದು ಗೊತ್ತಿತ್ತು, ಮದ್ದಿನ ಬೆಲೆ ಗೊತ್ತಿರಲಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬಗಳ ಕಡೆ ರೋಗವೇ ಗೊತ್ತಿರಲಿಲ್ಲ. ಕಾಡಂಚಿನ ಹಳ್ಳಿಗಳಲ್ಲಿ ತೀವ್ರ ಜ್ವರ, ರಕ್ತಸ್ರಾವ, ಸಾವು. ವಿಷಮಶೀತ ಜ್ವರವಿರಬಹುದೆಂದು ಮೊದಲಿಗೆ ಭಾವಿಸಲಾಯಿತು. ಅದೇ ಹೊತ್ತಿಗೆ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳೂ ಮುಸುವಗಳೂ ಸತ್ತು ಬೀಳುತ್ತಿದ್ದವು. ಇವೆರಡನ್ನೂ ಒಂದೇ ಸರಣಿಯಲ್ಲಿ ಕಂಡವರು ಮೊದಲು ಆ ಹಳ್ಳಿಗರು. ‘ಮಂಗನ ಕಾಯಿಲೆ’ ಎಂಬ ಹೆಸರೇ ಅದಕ್ಕೆ ಸಾಕ್ಷಿ. ಸಂಶೋಧನೆಯ ಮೊದಲ ಮೆಟ್ಟಿಲಾದ ವೀಕ್ಷಣೆಯನ್ನು ಅಕ್ಷರ ಬಾರದ ಜನ ಏರಿದ್ದರೆಂದರೆ ತಪ್ಪಾಗಲಾರದು.

ಪುಣೆಯಲ್ಲಿ 1952ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ರಾಕ್‌ಫೆಲರ್ ಪ್ರತಿಷ್ಠಾನವೂ ಸೇರಿ ವೈರಸ್ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದ್ದವು. ಮಂಗಗಳ ಸಾವಿನ ಸುದ್ದಿ ಅಲ್ಲಿಗೆ ಮುಟ್ಟಿದಾಗ ನಿರ್ದೇಶಕ ಟೆಲ್ಫೋರ್ಡ್ ವರ್ಕ್ ಮತ್ತು ಸಂಗಡಿಗರಿಗೆ ಹೊಳೆದ ಶಂಕೆ ಭಯಂಕರವಾದುದು: ಇದು ಹಳದಿ ಜ್ವರವೇ? ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗಗಳು ಸಾಯತೊಡಗಿದರೆ ಹಳದಿ ಜ್ವರ ಬಂತೆಂದೇ ಅರ್ಥ. ನಮ್ಮ ದೇಶದಲ್ಲಿ ಅದನ್ನು ಹರಡುವ ಸೊಳ್ಳೆಯಿದೆ, ರೋಗವಿಲ್ಲ. ಬಂದಿದ್ದರೆ ಗತಿಯೇನು?

ಊಹೆ ಸಮಂಜಸವಾಗಿತ್ತು, ಮತ್ತು ಅದು ಸುಳ್ಳಾಯಿತು. ಸತ್ತ ಮಂಗನಿಂದಲೂ ರೋಗಿಗಳಿಂದಲೂ ಪಡೆದ ಮಾದರಿಗಳನ್ನು ಪ್ರಯೋಗಶಾಲೆಯಲ್ಲಿ ಇಲಿಮರಿಗಳಿಗೆ ಚುಚ್ಚಿ ವೈರಸ್ಸನ್ನು ಬೇರ್ಪಡಿಸಿ, ಗೊತ್ತಿದ್ದ ವೈರಸ್ಸುಗಳೊಡನೆ ಹೋಲಿಸಿದಾಗ ಅದು ಹಳದಿ ಜ್ವರದ್ದಲ್ಲವೆಂದು ತಿಳಿಯಿತು. ಅದರ ನಂಟು ರಷ್ಯದ ಕಾಡುಗಳ ಒಂದು ಮಿದುಳುಜ್ವರದ ಗುಂಪಿನೊಡನೆ ಇತ್ತು. ಆ ಗುಂಪಿನ ರೋಗಗಳನ್ನು ಹರಡುವುದು ಸೊಳ್ಳೆಯಲ್ಲ, ಉಣ್ಣೆ. ಹಾಗಾದರೆ ಇಲ್ಲಿಯೂ ಉಣ್ಣೆಯಲ್ಲಿ ವೈರಸ್ ಸಿಗಬೇಕು. ಕಾಡಿನ ನೆಲದಿಂದ ಉಣ್ಣೆಗಳನ್ನು ಆರಿಸಿ ತಂದು ಪರೀಕ್ಷಿಸಿದರು, ಸಿಕ್ಕಿತು. ಒಂದು ಊಹೆಯಿಂದ ಒಂದು ನಿರೀಕ್ಷೆ, ನಿರೀಕ್ಷೆಯಿಂದ ಒಂದು ಪರೀಕ್ಷೆ. ವೈಜ್ಞಾನಿಕ ವಿಧಾನವೆಂದು ಪಠ್ಯದ ಮೊದಲ ಪುಟದಲ್ಲಿ ಬಾಣದ ಗುರುತುಗಳಿಂದ ಬರೆದಿರುವುದು ಇದನ್ನೇ. ಬಾಣಗಳನ್ನು ನೋಡಿ ಯಾರಿಗೂ ಮೈ ಬೆಚ್ಚಗಾಗುವುದಿಲ್ಲ. ಸೊರಬದ ಕಾಡಿನಲ್ಲಿ ಉಣ್ಣೆ ಆರಿಸುತ್ತಿದ್ದವರಿಗೆ ತಮ್ಮನ್ನೇ ರೋಗ ಕಚ್ಚಬಹುದೆಂಬ ಅರಿವಿತ್ತು.

ರಷ್ಯದ ನಂಟು ಕಂಡೊಡನೆ ಇನ್ನೊಂದು ಊಹೆ ಹುಟ್ಟಿತು: ಚಳಿಗಾಲಕ್ಕೆ ಉತ್ತರದಿಂದ ಬರುವ ಹಕ್ಕಿಗಳು ಈ ವೈರಸ್ಸುಳ್ಳ ಉಣ್ಣೆಗಳನ್ನು ಹೊತ್ತು ತಂದಿರಬಹುದೇ? 1959ರಲ್ಲಿ ಸಲೀಂ ಅಲಿಯವರ ನೇತೃತ್ವದಲ್ಲಿ ಮುಂಬಯಿಯ ನಿಸರ್ಗ ಇತಿಹಾಸ ಸಂಘವು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಹಕ್ಕಿಗಳ ವಲಸೆಯ ಅಧ್ಯಯನವನ್ನು ಕೈಗೊಂಡುದಕ್ಕೆ ಈ ಪ್ರಶ್ನೆಯೂ ಕಾರಣ. ಹಕ್ಕಿಗಳ ಮೇಲಿನ ಆರೋಪ ಸಿದ್ಧವಾಗಲಿಲ್ಲ. ಹಕ್ಕಿಗಳ ಬಗೆಗಿನ ನಮ್ಮ ತಿಳಿವಳಿಕೆ ಮಾತ್ರ ಬಹಳ ಬೆಳೆಯಿತು. ಸೋತ ಊಹೆಗಳನ್ನು ಪಠ್ಯಪುಸ್ತಕಗಳು ಮುದ್ರಿಸುವುದಿಲ್ಲ. ಇದರಿಂದ ವಿದ್ಯಾರ್ಥಿಗೆ ವಿಜ್ಞಾನವೆಂದರೆ ಗೆದ್ದವರ ವಂಶಾವಳಿ ಎಂಬ ಭ್ರಮೆ ಹುಟ್ಟುತ್ತದೆ. ಇತಿಹಾಸದ ಮಾಸ್ತರನಿಗೆ ಈ ಭ್ರಮೆಯ ಪರಿಚಯ ಚೆನ್ನಾಗಿಯೇ ಇದೆ.

ಮಂಗನ ಕಾಯಿಲೆ ಮಲೆನಾಡಿನಲ್ಲಿಯೇ ನಿಲ್ಲಲಿಲ್ಲ. 2016ರಲ್ಲಿ ನಮ್ಮ ರಾಜ್ಯದ ಸಿಂಧುದುರ್ಗ ಜಿಲ್ಲೆಯ ದೋಡಾಮಾರ್ಗದಲ್ಲಿ ಕಾಣಿಸಿಕೊಂಡಿತು. ಗಡಹಿಂಗ್ಲಜದಿಂದ ಚಂದಗಡದ ಘಟ್ಟ ಇಳಿದರೆ ಅದೇ ಸೀಮೆ. ಇದಕ್ಕೆಂದು ದಶಕಗಳ ಕಾಲ ಕೊಡುತ್ತಿದ್ದ ಲಸಿಕೆಯ ಪರಿಣಾಮ ಸಾಲದೆಂದು ಕಂಡುಬಂದು 2022ರಲ್ಲಿ ಅದರ ಬಳಕೆ ನಿಂತಿತು. ಲಸಿಕೆಯೊಂದನ್ನು ಆರಂಭಿಸಲು ಬೇಕಾದಷ್ಟೇ ಎಣಿಕೆ ಅದನ್ನು ನಿಲ್ಲಿಸಲೂ ಬೇಕು.

ತುಮಕೂರು ಜಿಲ್ಲೆಯ ಕ್ಷಯರೋಗದ ಅಧ್ಯಯನವನ್ನು ಒಂದು ಮಾತಿನಲ್ಲಿಯಾದರೂ ನೆನೆಯಬೇಕು. ಬೆಂಗಳೂರಿನಲ್ಲಿ 1959ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ದೇಬಬ್ರತ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್, ಹಳ್ಳಿಗಳಲ್ಲಿ ಪತ್ತೆಯಾದ ರೋಗಿಗಳನ್ನೇ ಮಾತನಾಡಿಸಿ 1963ರಲ್ಲಿ ತಮ್ಮ ಫಲಿತಾಂಶ ಪ್ರಕಟಿಸಿದರು. ಹಳ್ಳಿಗರು ಅಜ್ಞಾನಿಗಳು, ಕೆಮ್ಮನ್ನು ಲೆಕ್ಕಿಸುವುದಿಲ್ಲ, ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಪಟ್ಟಣದ ವಿದ್ಯಾವಂತರ ದೃಢನಂಬಿಕೆಯಾಗಿತ್ತು. ಅರ್ಧಕ್ಕಿಂತ ಹೆಚ್ಚು ರೋಗಿಗಳು ಆಗಲೇ ದವಾಖಾನೆಗೆ ಹೋಗಿಬಂದಿದ್ದರೆಂದು ತಿಳಿಯಿತು. ಕೆಮ್ಮಿಗೆ ಔಷಧದ ಶೀಸೆ ಕೊಟ್ಟು ಕಳಿಸಿದವರು ವೈದ್ಯರೇ. ದೇಶದ ಕ್ಷಯ ನಿಯಂತ್ರಣ ಕಾರ್ಯಕ್ರಮ ಸಾಮಾನ್ಯ ದವಾಖಾನೆಗಳನ್ನೇ ನೆಚ್ಚಿಕೊಂಡು ರೂಪುಗೊಳ್ಳಲು ಈ ಕೆಲಸವೂ ಒಂದು ಆಧಾರವಾಯಿತು.

ಇನ್ನು ಬೆಳಗಾವಿ. ಇದು ನಮಗೆ ಎಲ್ಲಕ್ಕಿಂತ ಹತ್ತಿರದ್ದು, ಕಾಲದಲ್ಲಿಯೂ ದೂರದಲ್ಲಿಯೂ. 1916ರಲ್ಲಿ ಏಳು ಜನ ಶಿಕ್ಷಕರು ಸೇರಿ ಕಟ್ಟಿದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯ ವೈದ್ಯಕೀಯ ಕಾಲೇಜು 1963ರಲ್ಲಿ ಆರಂಭವಾಯಿತು. (ವೈದ್ಯರ ಕಾಲೇಜಿನ ಬೇರು ಶಿಕ್ಷಕರಲ್ಲಿದೆ ಎಂದು ಹೇಳಿಕೊಳ್ಳುವ ಸಂತೋಷವನ್ನು ಓದುಗರು ನನಗೆ ಅನುಮತಿಸಬೇಕು. ಅಮೆರಿಕದ ವೈದ್ಯಶಿಕ್ಷಣವನ್ನು 1910ರ ತನ್ನ ವರದಿಯಿಂದ ಬುಡಸಹಿತ ಅಲುಗಾಡಿಸಿದ ಅಬ್ರಹಾಂ ಫ್ಲೆಕ್ಸ್‌ನರ್ ಕೂಡ ವೈದ್ಯನಲ್ಲ; ಲೂಯಿವಿಲ್‌ನಲ್ಲಿ ಶಾಲೆ ನಡೆಸಿದ್ದ ಮಾಸ್ತರ. 155 ವೈದ್ಯಶಾಲೆಗಳನ್ನು ಕುರಿತು ವಿಚಾರಿಸಿ, ಪ್ರಯೋಗಶಾಲೆಯಿಲ್ಲದೆ ಬರಿಯ ಉಪನ್ಯಾಸದಿಂದ ವೈದ್ಯ ತಯಾರಾಗಲಾರನೆಂದು ಅವನು ಬರೆದನು.)

ಹೆರಿಗೆಯ ನಂತರದ ರಕ್ತಸ್ರಾವದಿಂದ ತಾಯಂದಿರು ಸಾಯುವುದು ನಮ್ಮ ಹಳ್ಳಿಗಳ ಹಳೆಯ ದುಃಖ. ಅದನ್ನು ತಡೆಯುವ ಚುಚ್ಚುಮದ್ದಿಗೆ ಸೂಜಿ ಬೇಕು, ತಂಪು ಬೇಕು, ಪಳಗಿದ ಕೈ ಬೇಕು. ಮಿಸೊಪ್ರೊಸ್ಟಾಲ್ ಎಂಬ ಗುಳಿಗೆ ಅಗ್ಗ, ತಂಪಿನ ಪೆಟ್ಟಿಗೆ ಬೇಡ, ನುಂಗಿದರೆ ಸಾಕು. ಆದರೆ ಹಳ್ಳಿಯ ಹೆರಿಗೆಯಲ್ಲಿ ನರ್ಸಬಾಯಿಯ ಕೈಯಲ್ಲಿ ಅದು ಕೆಲಸ ಮಾಡುತ್ತದೆಯೇ? ಬೆಳಗಾವಿಯ ಕಾಲೇಜಿನ ಭಾಲಚಂದ್ರ ಕೊಡಕಣಿ, ಶಿವಪ್ರಸಾದ ಗೌಡರ ಮೊದಲಾದವರು ಅಮೆರಿಕದ ರಿಚರ್ಡ್ ಡರ್ಮನ್ ಅವರೊಡನೆ ಸೇರಿ 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಹಳ್ಳಿಗಳಲ್ಲಿ ಇದನ್ನು ಪರೀಕ್ಷಿಸಿದರು. 1,620 ತಾಯಂದಿರು. ಚೀಟಿ ಎತ್ತಿದಂತೆ ಇಬ್ಭಾಗ. 812 ಜನರಿಗೆ ಔಷಧದ ಗುಳಿಗೆ, 808 ಜನರಿಗೆ ನೋಟಕ್ಕೆ ಅದೇ ತರಹದ, ಔಷಧವಿಲ್ಲದ ಗುಳಿಗೆ. ಕೊಡುವ ನರ್ಸಬಾಯಿಗೂ ಯಾವುದು ಯಾವುದೆಂದು ತಿಳಿಯದು. ತಿಳಿದರೆ ಕಣ್ಣು ತನಗೆ ಬೇಕಾದುದನ್ನೇ ನೋಡುತ್ತದೆ. ಪರೀಕ್ಷೆಯ ಉತ್ತರಪತ್ರಿಕೆಯ ಮೇಲಿನ ಹೆಸರನ್ನು ನಾವು ಮುಚ್ಚುವುದೂ ಇದೇ ಕಾರಣಕ್ಕೆ.

ರಕ್ತವನ್ನು ಅಳೆಯುವುದು ಹೇಗೆ? ಅಲ್ಲಿಯವರೆಗೆ ಕಣ್ಣಂದಾಜೇ ರೂಢಿ. ಈ ತಂಡದವರು ಹೆರಿಗೆಯಾದೊಡನೆ ತಾಯಿಯ ಕೆಳಗೆ ಹಾಸುವ, ತುದಿಯಲ್ಲಿ ಅಳತೆಯ ಗೆರೆಗಳುಳ್ಳ ಚೀಲವಿರುವ ಪ್ಲಾಸ್ಟಿಕ್ ಹಾಸನ್ನು ರೂಪಿಸಿದರು. ಅದರೊಡನೆ ಹೋಲಿಸಿದಾಗ ಕಣ್ಣಂದಾಜು ನಿಜವಾದ ರಕ್ತಕ್ಕಿಂತ ಸುಮಾರು ಮೂರನೆಯ ಒಂದು ಭಾಗ ಕಡಿಮೆ ಹೇಳುತ್ತದೆಂದು ತಿಳಿಯಿತು. ಅನುಭವಿಗಳ ಕಣ್ಣು ಕೂಡ. ಅಂದರೆ ಎಷ್ಟೋ ತಾಯಂದಿರ ಅಪಾಯ ಎದುರಿಗಿದ್ದೂ ಕಾಣದೆ ಹೋಗಿತ್ತು.

ಫಲಿತಾಂಶ 2006ರ ಅಕ್ಟೋಬರದಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಪಾಯಕರ ರಕ್ತಸ್ರಾವ ಖಾಲಿ ಗುಳಿಗೆಯವರಲ್ಲಿ ಶೇಕಡಾ 12, ಔಷಧದ ಗುಳಿಗೆಯವರಲ್ಲಿ ಶೇಕಡಾ 6.4. ಪ್ರತಿ 18 ತಾಯಂದಿರಿಗೆ ಗುಳಿಗೆ ಕೊಟ್ಟರೆ ಒಬ್ಬಳ ರಕ್ತಸ್ರಾವ ತಪ್ಪುತ್ತದೆ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಮಿಸೊಪ್ರೊಸ್ಟಾಲನ್ನು ತನ್ನ ಅವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು. ಉಂಧೇರಾದ ಸಾಲಿನಿಂದ ಬೆಳಗಾವಿಯ ಚೀಟಿಯವರೆಗೆ ಒಂದು ಶತಮಾನ ಸಂದಿದೆ. ಮೂಲದಲ್ಲಿರುವ ವಿಚಾರ ಒಂದೇ. ಒಂದು ದೊಡ್ಡ ವ್ಯತ್ಯಾಸವುಂಟು. ಬೆಳಗಾವಿಯ ತಾಯಿಯನ್ನು ಮೊದಲು ಕೇಳಿ ಒಪ್ಪಿಗೆ ಪಡೆಯಲಾಯಿತು.

ಆ ಒಪ್ಪಿಗೆಯ ವಿಷಯದಲ್ಲಿ ಸಾಹಿತ್ಯ ಸಮ್ಮೇಳನಕ್ಕೂ ಪಾಲಿದೆಯೆಂದು ನಾನು ತಿಳಿಯುತ್ತೇನೆ. ರೋಗಿಗೆ ತಿಳಿಯುವ ಭಾಷೆಯಲ್ಲಿಯೇ ವಿವರಿಸಿ ಸಮ್ಮತಿ ಪಡೆಯಬೇಕೆಂಬುದು ಇಂದಿನ ನಿಯಮ. ‘ಯಾದೃಚ್ಛಿಕ ನಿಯಂತ್ರಿತ ಪರೀಕ್ಷಣ’ ಎಂದು ಪಾರಿಭಾಷಿಕ ಕೋಶ ಬರೆಯುತ್ತದೆ. ಇದನ್ನು ಓದಿ ಹೇಳಿದರೆ ಹುಕ್ಕೇರಿಯ ಹೆಣ್ಣುಮಗಳು ತಲೆಯಾಡಿಸಿ ಹೆಬ್ಬೆಟ್ಟು ಒತ್ತುತ್ತಾಳೆ. ಅದು ಒಪ್ಪಿಗೆಯಲ್ಲ, ಮರ್ಯಾದೆ. ‘ಚೀಟಿ ಎತ್ತತೀವ್ರಿ, ನಿಮಗ ಯಾವ ಗುಳಿಗಿ ಬರತದ ನಮಗೂ ಗೊತ್ತಿರೂದಿಲ್ಲ, ಒಲ್ಲೆ ಅಂದರ ನಿಮ್ಮ ಔಷಧೋಪಚಾರಕ್ಕ ಏನೂ ಕಡಿಮಿ ಮಾಡೂದಿಲ್ಲ’ ಎಂದರೆ ಅವಳು ಎರಡು ಪ್ರಶ್ನೆ ಕೇಳುತ್ತಾಳೆ. ಇಂತಹ ಕನ್ನಡವನ್ನು ವೈದ್ಯವಿದ್ಯಾರ್ಥಿಗೆ ಯಾರು ಕಲಿಸುತ್ತಾರೆ? ‘ಪ್ರಯೋಗ’ ಎಂಬ ಮಾತಿಗೆ ನಮ್ಮ ಹಳ್ಳಿಯಲ್ಲಿ ಮಾಟವೆಂಬ ಅರ್ಥವೂ ಇದೆಯೆಂಬುದನ್ನು ಸಹ ಅವನು ತಿಳಿದಿರಬೇಕಾಗುತ್ತದೆ.

ಹಾಗಾದರೆ ಇಂದು ವ್ಯವಸ್ಥೆಯೇ ಇಲ್ಲವೆಂದು ಹೇಳಲಾಗದು. 1946ರ ಭೋರ್ ಸಮಿತಿಯ ವರದಿಯು ವೈದ್ಯವಿದ್ಯಾರ್ಥಿಯನ್ನು ಆಸ್ಪತ್ರೆಯ ಗೋಡೆಯಾಚೆಗೆ ಕಳಿಸಿ ಸಮಾಜದ ವೈದ್ಯನನ್ನಾಗಿ ಮಾಡಲು ಮೂರು ತಿಂಗಳ ತರಬೇತಿಯನ್ನು ಸೂಚಿಸಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1979ರಿಂದ ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳಿಗೆ ಎರಡು ತಿಂಗಳ ಸಂಶೋಧನಾ ವಿದ್ಯಾರ್ಥಿವೇತನ ನೀಡುತ್ತ ಬಂದಿದೆ. ಸ್ನಾತಕೋತ್ತರ ವಿದ್ಯಾರ್ಥಿಗೆ ಪ್ರಬಂಧ ಕಡ್ಡಾಯ. ಚೆನ್ನೈನ ರಾಷ್ಟ್ರೀಯ ಸಂಸ್ಥೆಯೊಂದು ನಡೆಸುವ ಸಂಶೋಧನಾ ವಿಧಾನದ ಪಾಠಕ್ರಮವೂ ಈಗ ಕಡ್ಡಾಯ. ಇತ್ತೀಚಿನ ‘ಕುಟುಂಬ ದತ್ತು’ ಯೋಜನೆಯಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಗೂ ಹಳ್ಳಿಯ ಕೆಲವು ಕುಟುಂಬಗಳನ್ನು ವಹಿಸಿ ವರ್ಷಗಟ್ಟಲೆ ಅವುಗಳ ಆರೋಗ್ಯವನ್ನು ಗಮನಿಸಲು ಹೇಳಲಾಗಿದೆ. ನನ್ನ ಮಟ್ಟಿಗೆ ಇವುಗಳಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಈ ಕೊನೆಯದು, ಮನಸ್ಸಿಟ್ಟು ಮಾಡಿದರೆ.

ಕಡ್ಡಾಯವಾದುದೆಲ್ಲ ಬೇಗನೆ ವಿಧಿಯಾಗಿಬಿಡುತ್ತದೆ ಎಂಬುದು ಶಾಲೆಗಳಲ್ಲಿ ಆಯುಷ್ಯ ಕಳೆದ ನಮಗೆ ಗೊತ್ತು. ಹೈಸ್ಕೂಲಿನ ಪ್ರಯೋಗವಹಿಯನ್ನು ನೋಡಿರಿ. ಉದ್ದೇಶ, ಸಾಮಗ್ರಿ, ವಿಧಾನ, ತೀರ್ಮಾನ ಎಲ್ಲವೂ ಅಚ್ಚುಕಟ್ಟು. ತೀರ್ಮಾನವನ್ನು ಹುಡುಗರು ಹಿಂದಿನ ವರ್ಷದ ವಹಿಯಿಂದ ಮೊದಲೇ ಬರೆದಿಟ್ಟಿರುತ್ತಾರೆ. ಲೋಲಕದ ಆಂದೋಲನ ಯಾವ ಶಾಲೆಯಲ್ಲಿಯೂ ಇದುವರೆಗೆ ತಪ್ಪು ಸಮಯ ತೋರಿಸಿದ್ದಿಲ್ಲ! ಇದೇ ಅಭ್ಯಾಸ ಹತ್ತು ವರ್ಷಗಳ ಬಳಿಕ ದಪ್ಪ ರಟ್ಟಿನ, ಬಂಗಾರದ ಅಕ್ಷರಗಳ ಪ್ರಬಂಧವಾಗಿ ಕಪಾಟು ಸೇರುತ್ತದೆ. ಎಷ್ಟು ರೋಗಿಗಳನ್ನು ನೋಡಬೇಕೆಂಬ ಸಂಖ್ಯೆ ಹಿಂದಿನವನ ಪ್ರಬಂಧದಿಂದ, ಪೀಠಿಕೆ ಬೇರೊಬ್ಬನಿಂದ, ಅಂಕಿಅಂಶದ ಅಧ್ಯಾಯ ಹಣ ಕೊಟ್ಟವರಿಂದ. ಎಲ್ಲರೂ ಹೀಗೆ ಮಾಡುತ್ತಾರೆಂದು ನಾನು ಹೇಳೆನು. ಆದರೆ ನಿರೀಕ್ಷಿಸಿದ ಫಲ ಬರಲಿಲ್ಲವೆಂದು ಬರೆದ ಪ್ರಬಂಧಕ್ಕೆ ಹೆಚ್ಚು ಅಂಕ ಕೊಟ್ಟ ಪರೀಕ್ಷಕರನ್ನು ಕುರಿತು ಕೇಳುವ ಆಸೆ ನನಗಿದೆ. ಹಳದಿ ಜ್ವರವಲ್ಲ ಎಂದು ತೋರಿಸಿದುದು 1957ರ ದೊಡ್ಡ ಫಲವಾಗಿತ್ತಷ್ಟೆ.

ಮೊದಲ ವರ್ಷದ ವೈದ್ಯವಿದ್ಯಾರ್ಥಿಗಳ ಮುಂದೆ ಎರಡು ದಿನ ನಿಲ್ಲುವ ಅವಕಾಶ ಒಬ್ಬ ಇತಿಹಾಸದ ಮಾಸ್ತರನಿಗೆ ದೊರೆತರೆ, ಮೊದಲ ದಿನ ಉಂಧೇರಾದ ಎರಡು ಸಾಲುಗಳನ್ನು ಹಲಗೆಯ ಮೇಲೆ ಬರೆಯಬಹುದು. ಊರಿನ ಹೆಸರು, ರೋಗದ ಹೆಸರು, ಯಾವ ಸಾಲಿಗೆ ಮದ್ದು ಎಂಬುದು ಯಾವುದೂ ಬೇಡ. 64ರಲ್ಲಿ 26, 71ರಲ್ಲಿ 3. ಏನನ್ನು ಕೇಳಿದರೆ ಈ ಅಂಕಿಗಳನ್ನು ನಂಬುವಿರಿ ಎಂದಷ್ಟೇ ಕೇಳಿ ಸುಮ್ಮನಿರಬೇಕು. ಎರಡನೆಯ ದಿನ ಅವರನ್ನು ನಮ್ಮ ಊರಿನ ಮಗ್ಗದ ಓಣಿಯೊಂದಕ್ಕೆ ಕರೆತಂದು, ಅಲ್ಲಿ ಎಷ್ಟು ಜನ ವಾಸವಾಗಿದ್ದಾರೆಂದು ಎಣಿಸಿ ಬರಲು ಹೇಳಬೇಕು. ರಾತ್ರಿ ಪಾಳಿ ಮುಗಿಸಿ ಮಲಗಿದವರು, ಹಗಲು ಪಾಳಿಗೆ ಹೋದವರು, ಒಂದೇ ಕೋಣೆಯನ್ನು ಸರದಿಯ ಮೇಲೆ ಹಂಚಿಕೊಂಡ ಪರಊರಿನ ಹುಡುಗರು, ಜಾತ್ರೆಗೆಂದು ರಬಕವಿ, ಬನಹಟ್ಟಿಗೆ ಹೋಗಿ ಇನ್ನೂ ಮರಳದ ಮನೆಯವರು, ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು, ಇವರಲ್ಲಿ ಯಾರನ್ನು ಎಣಿಸಬೇಕು, ಯಾರನ್ನು ಬಿಡಬೇಕು, ಏಕೆ ಎಂಬುದನ್ನು ಅವರೇ ವಾದಿಸಿ ತೀರ್ಮಾನಿಸಲಿ. ಸಂಜೆಯ ಹೊತ್ತಿಗೆ ಹತ್ತು ತಂಡಗಳಿಂದ ಹತ್ತು ಸಂಖ್ಯೆಗಳು ಬರುತ್ತವೆ. ಹುಬ್ಬಳ್ಳಿಯ ಲ್ಯೂಮನ್ನನ ಕಥೆಯನ್ನು ಆಮೇಲೆ ಹೇಳಿದರಾಯಿತು.